ಮಂಗಳಮುಖಿಯರ ಮೈ, ಸರ್ಕಾರದ ರಿಜಿಸ್ಟರು

ನಂಗಲಿ ಗಡಿಯ ಊರು. ಈ ಕಡೆ ಮುಳಬಾಗಿಲು, ಆ ಕಡೆ ಪಲಮನೇರು. ಹೊಯ್ಸಳ ವಿಷ್ಣುವರ್ಧನನ ಕಾಲದ ಶಾಸನಗಳಲ್ಲಿ ಅವನ ರಾಜ್ಯದ ಮೂಡಣ ಎಲ್ಲೆ ಅಂತ ಬರೋದು ಇದೇ ನಂಗಲಿ. ಅಂದರೆ ಒಂಬೈನೂರು ವರ್ಷದಿಂದ ಈ ಊರಿನ ಕಸುಬು ಒಂದೇ: ದಾರಿಯಲ್ಲಿ ಬಂದವರನ್ನು ನಿಲ್ಲಿಸಿ ‘ಯಾರು ನೀನು, ಯಾವ ಕಡೆಯವನು’ ಅಂತ ಕೇಳೋದು. ಚೆಕ್‌ಪೋಸ್ಟ್ ಆಮೇಲೆ ಬಂತು, ಅಭ್ಯಾಸ ಮೊದಲಿಂದಲೂ ಇತ್ತು.

ಕೆಲವು ವರ್ಷದ ಹಿಂದೆ ನಾನೂ ಅದೇ ಕಸುಬು ಮಾಡಿದೆ. ಡಿಪ್ಲೊಮಾ ಮುಗಿಸಿ ಒಂದು ಪತ್ರಿಕೆಗೆ ಸುದ್ದಿ ಕಳಿಸಲು ಶುರು ಮಾಡಿದ್ದ ಹೊಸದು. ಹೆದ್ದಾರಿ ಪಕ್ಕದ ಹೋಟೆಲುಗಳ ಮುಂದೆ ಲಾರಿಯವರ ಹತ್ತಿರ ಕಾಸು ಕೇಳುವವರ ಬಗ್ಗೆ ಎಂಟು ಸಾಲು ಬರೆದು, ‘ಮಂಗಳಮುಖಿಯರ ಹಾವಳಿ, ಪ್ರಯಾಣಿಕರಿಗೆ ಕಿರಿಕಿರಿ’ ಅಂತ ಹೆಡ್ಡಿಂಗ್ ಕೊಟ್ಟು ಕಳಿಸಿದೆ. ಒಬ್ಬ ಹೋಟೆಲಿನವರು ಹೇಳಿದ್ದಷ್ಟೇ ನನ್ನ ಆಧಾರ. ಹಾವಳಿ ಮಾಡ್ತಾರೆ ಅಂತ ಬರೆದೆನಲ್ಲ, ಅವರಲ್ಲಿ ಒಬ್ಬರನ್ನೂ ಮಾತಾಡಿಸಿರಲಿಲ್ಲ.

ಸುದ್ದಿ ಬಂದ ಮಾರನೇ ದಿನ ಟೀ ಅಂಗಡಿಯಲ್ಲಿ ನಿಂತಿದ್ದಾಗ ಒಬ್ಬರು ಪೇಪರು ಮಡಿಸಿ ಹಿಡಿದುಕೊಂಡು ಬಂದರು.

“ಅಣ್ಣಾ, ಇದು ಬರ್ದಿದ್ದು ನೀನೇನಾ?”

“ಹೌದಕ್ಕಾ,” ಅಂದೆ. ಅಕ್ಕ ಅಂದದ್ದು ಗೌರವಕ್ಕಲ್ಲ, ಭಯಕ್ಕೆ.

“ಕಾಸು ಕೇಳಿದ್ದು ನಿಜ. ಅದನ್ನ ಬರ್ಕೋ, ಬೇಡ ಅನ್ನಲ್ಲ. ಆದ್ರೆ ಇಲ್ಲಿ ನೋಡು, ‘ಹೆಣ್ಣಿನ ವೇಷದಲ್ಲಿ’ ಅಂತ ಹಾಕಿದ್ದೀಯ. ಕಾಸು ಕೇಳಿದ್ದಕ್ಕೂ ನನ್ನ ಮೈಗೂ ಏನಣ್ಣಾ ಸಂಬಂಧ? ಇದು ವೇಷ ಅಲ್ಲ. ವೇಷ ಹಾಕಿದ್ದು ಹದಿನೆಂಟು ವರ್ಷ, ನಮ್ಮಪ್ಪನ ಮನೇಲಿ, ಪ್ಯಾಂಟು ಹಾಕ್ಕೊಂಡು.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಟೀ ಕುಡೀತೀರಾ ಅಂತ ಕೇಳಿದೆ. ಕುಡಿದರು, ದುಡ್ಡು ಅವರೇ ಕೊಟ್ಟರು. ‘ವೇಷ’ ಅನ್ನೋ ಆ ಪದ ನನ್ನ ಕೈಗೆ ಎಲ್ಲಿಂದ ಬಂತು ಅಂತ ಅವತ್ತಿಂದ ಹುಡುಕುತ್ತಾ ಹೋದೆ. ಈ ಬರಹ ಆ ಹುಡುಕಾಟದ್ದು.

ಮೊದಲು ಮಾತಿನ ವಿಷಯ. ನಮ್ಮ ಕಡೆ ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು. ಕನ್ನಡದಲ್ಲಿ ‘ಅವನು’, ‘ಅವಳು’ ಬಿಟ್ಟರೆ ಏಕವಚನದಲ್ಲಿ ಉಳಿಯೋದು ‘ಅದು’. ಅದು ಕಲ್ಲಿಗೆ, ಮೇಕೆಗೆ, ಬಸ್ಸಿಗೆ ಹೇಳುವ ಮಾತು. ಮಂಗಳಮುಖಿಯರು ಬಸ್ಸು ಹತ್ತಿದರೆ ಹಿಂದಿನ ಸೀಟಿನಿಂದ ‘ಅದು ಬಂತು ನೋಡೋ’ ಅನ್ನೋದು ಎಷ್ಟು ಸಲ ಕೇಳಿಲ್ಲ ನಾವು? ತೆಲುಗಿನಲ್ಲಿ ‘ಅದಿ’ ಅಂದರೆ ಅವಳೂ ಆಗುತ್ತೆ, ಅದೂ ಆಗುತ್ತೆ. ಗಡಿಯ ಆ ಕಡೆ ಹೆಂಗಸಿಗೂ ವಸ್ತುವಿಗೂ ಏಕವಚನದಲ್ಲಿ ಒಂದೇ ಪದ. ಇನ್ನು ಬೈಗುಳ ಬೇರೆ: ಕೋಜಾ, ಚಕ್ಕಾ, ಒಂಬತ್ತು.

ಈ ‘ಒಂಬತ್ತು’ ಬಗ್ಗೆ ಒಂದು ತಮಾಷೆ ಇದೆ. ಹದಿಮೂರನೇ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಕನ್ನಡಕ್ಕೆ ಲೆಕ್ಕ ಹಾಕಿದ ಲಿಂಗಗಳು ಎರಡಲ್ಲ, ಮೂರೂ ಅಲ್ಲ, ಒಂಬತ್ತು. ಅವನು ಹೇಳಿದ್ದು ಪದಗಳ ಲಿಂಗ, ಮನುಷ್ಯರದ್ದಲ್ಲ. ಬೈಗುಳಕ್ಕೂ ಅವನ ಲೆಕ್ಕಕ್ಕೂ ನಂಟು ಕಟ್ಟಲು ನಾನು ಹೋಗಲ್ಲ. ಆದರೂ ಎರಡರಲ್ಲೇ ಎಲ್ಲವನ್ನೂ ಮುಗಿಸಬೇಕು ಅನ್ನೋ ಹಟ ನಮ್ಮ ಭಾಷೆಗೆ ಇರಲಿಲ್ಲ ಅನ್ನೋದಂತೂ ಸತ್ಯ. ಇನ್ನೊಂದು ಸಂಗತಿ: ಗೌರವಕ್ಕೆ ನಾವು ಬಳಸುವ ‘ಅವರು’ ಇದೆಯಲ್ಲ, ಅದಕ್ಕೆ ಗಂಡು ಹೆಣ್ಣು ಇಲ್ಲ. ಮೇಷ್ಟ್ರೂ ಅವರು, ಮೇಡಮ್ಮೂ ಅವರು. ಪದ ಇಲ್ಲದ್ದಕ್ಕೆ ‘ಅದು’ ಅಂದೆವು ಅನ್ನುವ ಹಾಗಿಲ್ಲ. ಪದ ಬಾಯಲ್ಲೇ ಇತ್ತು.

ಸೀರೆ ಉಟ್ಟ ಗಂಡು ನಮಗೆ ಹೊಸದೂ ಅಲ್ಲ. ಕೋಲಾರದಲ್ಲಿ, ಮಾಲೂರಿನಲ್ಲಿ ದ್ರೌಪದಮ್ಮನ ಕರಗ ನೋಡದವರು ಯಾರು? ಕರಗ ಹೊರುವವರು ಗಂಡಸೇ. ಆದರೆ ಆ ರಾತ್ರಿ ಅವರ ಕೈಗೆ ಬಳೆ, ಹಣೆಗೆ ಕುಂಕುಮ, ಮುಡಿಗೆ ಮಲ್ಲಿಗೆ. ವೀರಕುಮಾರರು ಕತ್ತಿ ಹಿಡಿದು ಅಕ್ಕಪಕ್ಕ ಓಡುತ್ತಾರೆ, ಊರಿನ ದೊಡ್ಡವರು ಕಾಲಿಗೆ ಬೀಳುತ್ತಾರೆ. ತಿರುಪತಿಯ ತಾತಯ್ಯಗುಂಟ ಗಂಗಮ್ಮನ ಜಾತ್ರೆಯಲ್ಲಿ ಹರಕೆ ಹೊತ್ತ ಗಂಡಸರು ಸೀರೆ ಉಟ್ಟು, ಜಡೆ ಹಾಕಿಕೊಂಡು ಬರುತ್ತಾರೆ. ಯಾರೂ ನಗೋದಿಲ್ಲ. ನಮ್ಮೂರ ಕಡೆಯ ನಾಟಕಗಳಲ್ಲಿ ಹೆಣ್ಣು ಪಾತ್ರ ಚೆನ್ನಾಗಿ ಮಾಡಿದ ಗಂಡಸಿಗೆ ನೋಟಿನ ಹಾರ ಬೀಳುತ್ತೆ. ಅರ್ಜುನ ಒಂದು ವರ್ಷ ಬೃಹನ್ನಳೆಯಾಗಿ ವಿರಾಟನ ಮಗಳಿಗೆ ನಾಟ್ಯ ಕಲಿಸಿದ್ದನ್ನು ಅಜ್ಜಿಯರು ಭಕ್ತಿಯಿಂದಲೇ ಹೇಳ್ತಾರೆ.

ಅಂದರೆ ಒಂದು ರಾತ್ರಿಗೆ, ಒಂದು ಜಾತ್ರೆಗೆ, ಒಂದು ವರ್ಷಕ್ಕೆ ನಾವು ಒಪ್ಪುತ್ತೇವೆ. ಬೆಳಿಗ್ಗೆ ಬಳೆ ತೆಗೆದಿಟ್ಟು ಮತ್ತೆ ಪಂಚೆ ಉಟ್ಟರೆ ಎಲ್ಲ ಸರಿ. ತೆಗೆದಿಡಲ್ಲ ಅಂದವರ ಮೇಲೆ ಮಾತ್ರ ಸಿಟ್ಟು. ಅಕ್ಕ ‘ವೇಷ ಅಲ್ಲ’ ಅಂದದ್ದು ಇಲ್ಲೇ ನನಗೆ ಮೊದಲು ಅರ್ಥವಾಗಿದ್ದು.

ತೆಗೆದಿಡದವರಿಗೂ ನಮ್ಮ ನಾಡಿನಲ್ಲಿ ಒಂದು ಜಾಗ ಇತ್ತು, ಎಲ್ಲಮ್ಮನ ಹತ್ತಿರ. ಎಲ್ಲಮ್ಮ ಅಂದರೆ ನಮಗೆ ದೂರದ ಸವದತ್ತಿ ಅನ್ನಿಸುತ್ತೆ. ಕಥೆ ಮಾತ್ರ ನಮ್ಮ ಬೆಟ್ಟದ್ದೇ. ಪರಶುರಾಮ ಕಾರ್ತವೀರ್ಯನನ್ನು ಕೊಂದ ಕೋಲಾಹಲದಿಂದಲೇ ಕೋಲಾರ ಅನ್ನುವ ಹೆಸರು ಬಂತು ಅಂತ ನಮ್ಮಲ್ಲಿ ಐತಿಹ್ಯ. ಆ ಪರಶುರಾಮನ ತಾಯಿ ರೇಣುಕೆಯೇ ಎಲ್ಲಮ್ಮ. ತಾಯಿಯ ತಲೆ ಕಡಿ ಅಂತ ಜಮದಗ್ನಿ ಹೇಳಿದಾಗ ಒಲ್ಲೆ ಅಂದ ಹಿರಿಯ ಮಕ್ಕಳು ಶಾಪದಿಂದ ಗಂಡಸುತನ ಕಳಕೊಂಡರು ಅಂತ ಜೋಗಪ್ಪಗಳು ಹೇಳುವ ಕಥೆ. ಅಪ್ಪನ ಮಾತು ಕೇಳಿ ಕಡಿದವನು ಅವತಾರ ಪುರುಷನಾದ. ತಾಯಿಯನ್ನು ಕೊಲ್ಲಲಾರೆ ಅಂದವರಿಗೆ ಶಾಪ. ಅವರ ಸಾಲಿನವರು ನಾವು ಅಂತ ಜೋಗಪ್ಪಗಳು ಹೆಮ್ಮೆಯಿಂದ ಹೇಳಿಕೊಂಡರೆ ಅದರಲ್ಲಿ ತಪ್ಪೇನಿದೆ ಅಂತ ನನಗೆ ಅನ್ನಿಸಿದೆ.

ನಮ್ಮ ತಾಲ್ಲೂಕಿನ ಆವಣಿಯಲ್ಲಿ ಸೀತೆ ಲವಕುಶರನ್ನು ಹೆತ್ತಳು ಅಂತ ನಂಬಿಕೆ. ಹಿಜ್ರಾಗಳೂ ರಾಮನ ಒಂದು ಕಥೆ ಹೇಳ್ತಾರೆ. ವಾಲ್ಮೀಕಿಯಲ್ಲಿ ಇಲ್ಲ, ಬಾಯಿಂದ ಬಾಯಿಗೆ ಬಂದದ್ದು. ಕಾಡಿಗೆ ಹೊರಟ ರಾಮ ಹಿಂದೆ ಬಂದ ಜನಕ್ಕೆ ‘ಗಂಡಸರೆಲ್ಲ, ಹೆಂಗಸರೆಲ್ಲ ವಾಪಸ್ ಹೋಗಿ’ ಅಂದ. ಎರಡೂ ಅಲ್ಲದವರು ನಮಗೆ ಹೇಳಿಲ್ಲ ಅಂತ ಹದಿನಾಲ್ಕು ವರ್ಷ ಅಲ್ಲೇ ಕಾದರು. ವಾಪಸ್ ಬಂದ ರಾಮ ಅವರನ್ನು ನೋಡಿ, ನೀವು ಹರಸಿದ್ದು ಫಲಿಸಲಿ ಅಂತ ವರ ಕೊಟ್ಟ. ಮದುವೆಮನೆ, ಅಂಗಡಿ ಪೂಜೆಗೆ ಇವತ್ತೂ ಅವರನ್ನು ಕರೆಯೋದು, ದೃಷ್ಟಿ ತೆಗೆಸೋದು ಅದೇ ನಂಬಿಕೆಯಿಂದ.

ಜೋಗಪ್ಪಗಳ ಮಾತಿಗೆ ಬರ್ತೀನಿ. ಉತ್ತರ ಕರ್ನಾಟಕದಲ್ಲಿ ಗಂಡಾಗಿ ಹುಟ್ಟಿದ ಮಗು ಹೆಣ್ಣಿನ ನಡೆ ತೋರಿಸಿದರೆ ‘ಎಲ್ಲಮ್ಮ ಮೈಮೇಲೆ ಬಂದಿದ್ದಾಳೆ’ ಅಂತ ಮುತ್ತು ಕಟ್ಟಿಸುವ ಪದ್ಧತಿ ಇತ್ತು. ಮುತ್ತು ಕಟ್ಟಿದ ಮೇಲೆ ಸೀರೆ, ಬಳೆ, ತಲೆಯ ಮೇಲೆ ಅಮ್ಮನ ಕೊಡ, ಜೊತೆಗೆ ಚೌಡಿಕೆಯ ನಾದ. ಒಂದು ಮುಖ್ಯ ವಿಷಯ: ಜೋಗಪ್ಪಗಳಲ್ಲಿ ಮೈಗೆ ಕತ್ತಿ ಮುಟ್ಟಿಸುವ ಸಂಪ್ರದಾಯ ಇಲ್ಲ. ಅಮ್ಮ ಬಂದು ಕೂತ ಮೈ ಅದು, ಹೇಗಿದೆಯೋ ಹಾಗೇ ಅವಳದ್ದು, ಕೊಯ್ದರೆ ಅಮ್ಮ ಮುನಿಯುತ್ತಾಳೆ ಅನ್ನೋ ನಂಬಿಕೆ.

ಈ ದಾರಿಯಲ್ಲಿ ಬಂದವರಲ್ಲಿ ನಾವೆಲ್ಲ ಬಲ್ಲ ಹೆಸರು ಮಂಜಮ್ಮ ಜೋಗತಿ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬ ಗ್ರಾಮದ ಮಂಜುನಾಥ ಶೆಟ್ಟಿ ಹದಿಹರೆಯದಲ್ಲಿ ಹೆಣ್ಣಿನಂತೆ ನಡೆದುಕೊಂಡಾಗ ಮನೆಯವರು ಹೊಡೆದರು, ದೇವರು ಕೇಳಿಸಿದರು, ಕೊನೆಗೆ ಹುಲಿಗಿಯ ಹುಲಿಗೆಮ್ಮನ ಗುಡಿಯಲ್ಲಿ ಮುತ್ತು ಕಟ್ಟಿಸಿದರು. ಮಗ ಸತ್ತ ಅಂತ ತಾಯಿ ಅತ್ತರು. ಮನೆ ಬಿಟ್ಟರು, ವಿಷ ಕುಡಿದು ಬದುಕಿದರು, ಭಿಕ್ಷೆ ಬೇಡಿದರು, ಅತ್ಯಾಚಾರ ಅನುಭವಿಸಿದರು. ದಾವಣಗೆರೆಯಲ್ಲಿ ಒಬ್ಬ ತಂದೆ ಮತ್ತು ಮಗ ಕೊಡ ಹೊತ್ತು ಕುಣಿಯೋದನ್ನು ನೋಡಿ ಜೋಗತಿ ನೃತ್ಯ ಕಲಿತರು. ಆಮೇಲೆ ಕಾಳವ್ವ ಜೋಗತಿಯವರ ತಂಡ ಸೇರಿದರು. ಅವರ ನಂತರ ತಂಡವನ್ನು ತಾವೇ ನಡೆಸಿದರು.

2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಲಿಂಗತ್ವ ಅಲ್ಪಸಂಖ್ಯಾತರು. 2021ರ ನವೆಂಬರ್ 9ರಂದು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತಗೊಳ್ಳಲು ಹೋದಾಗ ನಡೆದದ್ದನ್ನು ನೀವೂ ಫೋನಿನಲ್ಲಿ ನೋಡಿರ್ತೀರಿ. ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ಮುಂದೆ ನಿಂತು ಸೆರಗಿನಿಂದ ದೃಷ್ಟಿ ತೆಗೆದರು. ಪ್ರಶಸ್ತಿ ಬಿಡಿ. ಯಾವ ಸೆರಗನ್ನು ಊರು ‘ವೇಷ’ ಅಂದಿತ್ತೋ ಅದೇ ಸೆರಗಿನಿಂದ ದೇಶದ ದೊಡ್ಡ ಮನುಷ್ಯನಿಗೆ ಹರಸಿದರು, ಅವರೂ ತಲೆ ಬಾಗಿ ನಿಂತರು. ನಮ್ಮ ಮನೆಯಲ್ಲಿ ಅಮ್ಮ ಆ ವಿಡಿಯೋ ನಾಲ್ಕು ಸಲ ಹಾಕಿಸಿಕೊಂಡು ನೋಡಿದ್ದರು.

ಜೋಗಪ್ಪಗಳ ದಾರಿಯನ್ನೂ ನಾನು ಹಾಡಿ ಹೊಗಳೋಕೆ ತಯಾರಿಲ್ಲ. ದೇವರ ಹೆಸರಲ್ಲಿ ಮುತ್ತು ಕಟ್ಟಿ ಮನೆಯಿಂದ ಹೊರಗೆ ಕಳಿಸೋದು ಒಪ್ಪಿಕೊಂಡ ಹಾಗಲ್ಲ, ಕೈತೊಳೆದುಕೊಂಡ ಹಾಗೆ. ಹೆಣ್ಣುಮಕ್ಕಳಿಗೆ ಆಗುತ್ತಿದ್ದ ಇದೇ ಅನ್ಯಾಯ ತಡೆಯೋಕೆ 1982ರಲ್ಲಿ ದೇವದಾಸಿ ನಿಷೇಧ ಕಾಯ್ದೆ ಬರಬೇಕಾಯಿತು. ಆದರೆ ಒಂದನ್ನು ಒಪ್ಪಬೇಕು: ಆ ದಾರಿಯಲ್ಲಿ ಅವರ ಮೈಯನ್ನು ಯಾರೂ ಬಿಚ್ಚಿ ನೋಡುತ್ತಿರಲಿಲ್ಲ.

ಬಿಚ್ಚಿ ನೋಡೋದು ಸರ್ಕಾರದ ಜೊತೆ ಬಂತು.

1871ರಲ್ಲಿ ಬ್ರಿಟಿಷರು ‘ಅಪರಾಧಿ ಬುಡಕಟ್ಟುಗಳ ಕಾಯ್ದೆ’ ಮಾಡಿದರು. ಅದರ ಎರಡನೇ ಭಾಗ ಪೂರ್ತಿ ಹಿಜ್ರಾಗಳ ಮೇಲೆ, ಮೊದಲಿಗೆ ಉತ್ತರದ ಪ್ರಾಂತ್ಯಗಳಿಗೆ. ಮಕ್ಕಳನ್ನು ಕದೀತಾರೆ, ಅಂಗ ಕೊಯ್ತಾರೆ ಅಂತ ಅನುಮಾನ ಬಂದವರ ಹೆಸರು, ಮನೆ, ಆಸ್ತಿಯನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಅನುಮಾನ ಸಾಕು, ಅಪರಾಧ ಸಾಬೀತಾಗಬೇಕಿಲ್ಲ. ರಿಜಿಸ್ಟರಿನಲ್ಲಿ ಹೆಸರಿದ್ದವರು ಹೆಣ್ಣಿನ ಉಡುಪಿನಲ್ಲಿ, ಹೆಣ್ಣಿನ ಒಡವೆಯಲ್ಲಿ ಬೀದಿಯಲ್ಲಿ ಕಂಡರೆ, ಸಾರ್ವಜನಿಕವಾಗಿ ಕುಣಿದರೆ, ಹಾಡು ಬಜಾವಣೆ ಮಾಡಿದರೆ ವಾರಂಟ್ ಇಲ್ಲದೆ ಹಿಡಿಯಬಹುದು, ಎರಡು ವರ್ಷದವರೆಗೆ ಜೈಲು. ಸೀರೆ ಉಡೋದು ಅಪರಾಧ ಆಯ್ತು.

1884ರಲ್ಲಿ ಅಲಹಾಬಾದ್ ಹೈಕೋರ್ಟಿನ ಮುಂದೆ ಒಂದು ಮೊಕದ್ದಮೆ ಬಂತು, ಖೈರಾತಿ ಅನ್ನುವವರದ್ದು. ಹೆಂಗಸಿನ ಉಡುಪಿನಲ್ಲಿ ಹೆಂಗಸರ ಜೊತೆ ಹಾಡುತ್ತಿದ್ದರು ಅನ್ನೋದರಿಂದ ಶುರುವಾದದ್ದು. ಪೊಲೀಸರು ಹಿಡಿದರು, ಸರ್ಕಾರಿ ಡಾಕ್ಟರು ಮೈ ಪರೀಕ್ಷೆ ಮಾಡಿದರು. ಮೈಯ ಲಕ್ಷಣವನ್ನೇ ಸಾಕ್ಷಿ ಮಾಡಿ 377ನೇ ಕಲಮಿನಲ್ಲಿ ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತು. ಯಾವಾಗ, ಎಲ್ಲಿ, ಯಾರ ಜೊತೆ ಅಪರಾಧ ನಡೆಯಿತು ಅಂತ ಯಾರೂ ಹೇಳಲಿಲ್ಲ. ಅದೇ ಕಾರಣಕ್ಕೆ ಹೈಕೋರ್ಟು ಬಿಡುಗಡೆ ಮಾಡಿತು. ಖೈರಾತಿ ಬಿಡುಗಡೆಯಾದರು, ಆದರೆ ‘ನಿನ್ನ ಮೈ ತೋರಿಸು, ನೀನು ಯಾರು ಅಂತ ನಾವು ಹೇಳ್ತೀವಿ’ ಅನ್ನೋ ಪದ್ಧತಿ ಉಳಿದುಕೊಂಡಿತು.

ನಮ್ಮ ಕಡೆಗೂ ಅದು ಬಂತು. ಹೈದರಾಬಾದ್ ನಿಜಾಮರ ರಾಜ್ಯದಲ್ಲಿ ಫಸಲಿ 1329ರಲ್ಲಿ, ಅಂದರೆ 1919ರಲ್ಲಿ, ಇದೇ ಧಾಟಿಯ ಕಾನೂನು ಮಾಡಿದರು. ಮತ್ತೆ ರಿಜಿಸ್ಟರು, ಮತ್ತೆ ಉಡುಪಿಗೆ ಜೈಲು. ಬೀದರ್, ಕಲಬುರಗಿ, ರಾಯಚೂರು ಆಗ ಅದೇ ರಾಜ್ಯದೊಳಗಿದ್ದವು. ದೇಶಕ್ಕೆ ಸ್ವಾತಂತ್ರ್ಯ ಬಂತು, 1952ರಲ್ಲಿ ಅಪರಾಧಿ ಬುಡಕಟ್ಟು ಕಾಯ್ದೆ ಹೋಯ್ತು. ನಿಜಾಮರ ಕಾಲದ ಆ ಕಾನೂನು ಮಾತ್ರ ತೆಲಂಗಾಣದಲ್ಲಿ ಪುಸ್ತಕದೊಳಗೇ ಉಳಿದಿತ್ತು. 2023ರ ಜುಲೈನಲ್ಲಿ ತೆಲಂಗಾಣ ಹೈಕೋರ್ಟು ಅದನ್ನು ರದ್ದು ಮಾಡಿತು. ನೂರು ವರ್ಷದ ಮೇಲೆ.

ಹಳೇ ಕಾಲದ ಮಾತು ಬಿಡಿ ಅಂತೀರಾ? 2011ಕ್ಕೆ ಬನ್ನಿ. ಇಂಟರ್ನೆಟ್ ಬಂದಿತ್ತು, ಬೆಂಗಳೂರಿನಲ್ಲಿ ಮೆಟ್ರೋ ಓಡಲು ಶುರುವಾದ ವರ್ಷ. ಆ ವರ್ಷ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು 36ಎ ಅಂತ ಒಂದು ಕಲಂ ಸೇರಿಸಿದರು. ಗಂಡುಮಕ್ಕಳನ್ನು ಅಪಹರಿಸುವ, ಅಂಗ ಕೊಯ್ಯುವ, ‘ಅಸಹಜ ಅಪರಾಧ’ ಮಾಡುವ ಅನುಮಾನ ಇರುವ ಹಿಜ್ರಾಗಳ ಹೆಸರು ಮತ್ತು ವಾಸಸ್ಥಳದ ರಿಜಿಸ್ಟರು ಇಡಲು ಪೊಲೀಸ್ ಕಮಿಷನರಿಗೆ ಅಧಿಕಾರ. 1871ರ ಕಾಯ್ದೆಯನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ಓದಿದಾಗ ನನಗೆ ಒಂದು ಕ್ಷಣ ತಾರೀಖು ತಪ್ಪಿ ಓದಿದೆನೇನೋ ಅನ್ನಿಸಿತು. ನೂರ ನಲವತ್ತು ವರ್ಷದ ಅಂತರ, ವಾಕ್ಯ ಹೆಚ್ಚುಕಡಿಮೆ ಅದೇ. ರಾಜ್ಯದ ಲೈಂಗಿಕ ಅಲ್ಪಸಂಖ್ಯಾತರ ವೇದಿಕೆ ಹೈಕೋರ್ಟಿಗೆ ಹೋಯಿತು. 2016ರ ತಿದ್ದುಪಡಿಯಲ್ಲಿ ಹಿಜ್ರಾ ಎಂಬರ್ಥದ ಪದವನ್ನು ತೆಗೆದು ‘ವ್ಯಕ್ತಿ’ ಅಂತ ಹಾಕಿದರು.

ನನ್ನ ಸುದ್ದಿಯ ‘ಹೆಣ್ಣಿನ ವೇಷದಲ್ಲಿ’ ಅನ್ನುವ ಪದ ಎಲ್ಲಿಂದ ಬಂತು ಅಂತ ಕೇಳಿದ್ದೆನಲ್ಲ. ನಾನು ಅದನ್ನು ಕಲಿತದ್ದು ಪೊಲೀಸ್ ಪ್ರೆಸ್‌ನೋಟುಗಳಿಂದ, ಹಳೇ ಸುದ್ದಿಗಳಿಂದ. ಆ ಹಳೇ ಸುದ್ದಿಗಳು ಕಲಿತದ್ದು ಇಂಥ ಕಾನೂನುಗಳಿಂದ ಇರಬೇಕು. ಕಳ್ಳತನದ ಸುದ್ದಿಯಲ್ಲಿ ಕಳ್ಳನ ಲುಂಗಿಯ ಬಗ್ಗೆ ನಾವು ಬರೆಯಲ್ಲ.

ಇನ್ನು ಬೆಂಗಳೂರಿನ ಕಡೆ. ಮನೆ ಬಿಟ್ಟವರು, ನಮ್ಮ ಕೋಲಾರ, ಚಿತ್ತೂರು, ಕೃಷ್ಣಗಿರಿ ಸೀಮೆಯವರೂ ಸೇರಿ, ಹೋಗಿ ಸೇರುತ್ತಿದ್ದದ್ದು ಹಿಜ್ರಾ ಮನೆಗಳಿಗೆ. ಅಲ್ಲಿ ಗುರು, ಚೇಲಾ, ನಾನಿ ಅಂತ ಹೊಸ ನೆಂಟಸ್ತನ. ಬೆಂಗಳೂರಿನಲ್ಲಿ ಅವರು ನಡೆಸುತ್ತಿದ್ದ ಹಮಾಮುಗಳು ಇದ್ದವು. ಸೌದೆ ಒಲೆಯ ಮೇಲೆ ಹಂಡೆ, ಬಿಸಿನೀರಿನ ಸ್ನಾನ. ಲೈಂಗಿಕ ಕೆಲಸವೂ ಅಲ್ಲೇ ನಡೆಯುತ್ತಿತ್ತು. ಅದನ್ನು ಮುಚ್ಚಿಟ್ಟು ಬರೆದರೆ ಚರಿತ್ರೆ ಆಗಲ್ಲ. ಬಾಡಿಗೆ ಮನೆ ಕೊಡದ, ಕೆಲಸ ಕೊಡದ ಊರಿನಲ್ಲಿ ಮಲಗಲು ಸೂರು ಅಂತ ಇದ್ದದ್ದು ಅದೊಂದೇ ಅನ್ನೋದನ್ನೂ ಬರೀಬೇಕು.

ಜೋಗಪ್ಪಗಳಿಗೂ ಹಿಜ್ರಾಗಳಿಗೂ ಇರುವ ದೊಡ್ಡ ವ್ಯತ್ಯಾಸ ಮೈಯ ವಿಷಯದಲ್ಲೇ. ಹಿಜ್ರಾಗಳಲ್ಲಿ ‘ನಿರ್ವಾಣ’ ಇದೆ. ಗಂಡಿನ ಅಂಗ ತೆಗೆಸಿಕೊಳ್ಳೋದು. ಮೊದಲು ದಾಯಮ್ಮನ ಕತ್ತಿಯಲ್ಲಿ, ಆಮೇಲೆ ಡಾಕ್ಟರ ಹತ್ತಿರ. ನಲವತ್ತನೇ ದಿನ ಅರಿಶಿನ ಹಚ್ಚಿ, ನೀರು ಹಾಕಿ, ಹೊಸ ಸೀರೆ ಉಡಿಸಿ ಹಬ್ಬ. ಸತ್ತವರೂ ಇದ್ದಾರೆ. ಬದುಕಿ ಬಂದವರು ಅದನ್ನು ಮರುಹುಟ್ಟು ಅಂತಾರೆ. ಒಂದೇ ರಾಜ್ಯ, ಒಂದೇ ಬಗೆಯ ಮನಸ್ಸು. ಒಬ್ಬರು ‘ಈ ಮೈಯನ್ನು ಮುಟ್ಟಬೇಡ, ಇದರಲ್ಲಿ ಅಮ್ಮ ಇದ್ದಾಳೆ’ ಅಂತಾರೆ. ಇನ್ನೊಬ್ಬರು ‘ಇದನ್ನು ಕಳಚಿದರೇನೇ ನಾನು ನಾನಾಗೋದು’ ಅಂತಾರೆ. ಯಾರು ಸರಿ ಅಂತ ನಾನು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಆ ಪ್ರಶ್ನೆಯೇ ನನ್ನ ಚೆಕ್‌ಪೋಸ್ಟ್ ಬುದ್ಧಿ.

ಈ ಬದುಕನ್ನು ಒಳಗಿನಿಂದ ಬರೆದವರಲ್ಲಿ ಎ. ರೇವತಿ ಮುಖ್ಯರು. ತಮಿಳುನಾಡಿನ ನಾಮಕ್ಕಲ್ ಕಡೆಯವರು, ಬೆಂಗಳೂರಿನ ‘ಸಂಗಮ’ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಅವರ ಆತ್ಮಕಥೆಯನ್ನು ದು. ಸರಸ್ವತಿ ‘ಬದುಕು ಬಯಲು’ ಅಂತ ಕನ್ನಡಕ್ಕೆ ತಂದರು. ಜನಮನದಾಟ ತಂಡ ಅದನ್ನು ನಾಟಕ ಮಾಡಿ ಊರೂರಲ್ಲಿ ಆಡಿತು. ಸಂಗಮ ಶುರುವಾದದ್ದು 1999ರಲ್ಲಿ. ಪೊಲೀಸ್ ಸ್ಟೇಷನ್ನಿನಲ್ಲಿ ಬಟ್ಟೆ ಬಿಚ್ಚಿಸಿದ್ದು, ಕೂದಲು ಕತ್ತರಿಸಿದ್ದು, ಇಂಥವನ್ನೆಲ್ಲ ಅಲ್ಲಿವರೆಗೆ ಯಾರೂ ಬರೆದಿಟ್ಟಿರಲಿಲ್ಲ. ಪಿಯುಸಿಎಲ್ 2001ರಲ್ಲೂ 2003ರಲ್ಲೂ ವರದಿ ತಂದಿತು. ಎರಡನೆಯದು ಬೆಂಗಳೂರಿನ ಹಿಜ್ರಾ ಮತ್ತು ಕೋತಿ ಸಮುದಾಯದ ಮೇಲಿನ ದೌರ್ಜನ್ಯದ ಬಗ್ಗೆ.

2008ರ ಜೂನ್ 29ರಂದು ಬೆಂಗಳೂರಿನ ಬೀದಿಯಲ್ಲಿ ಮೊದಲ ಪ್ರೈಡ್ ಮೆರವಣಿಗೆ ನಡೆಯಿತು. ಅದೇ ದಿನ ದೆಹಲಿ, ಕೋಲ್ಕತ್ತಾದಲ್ಲೂ. ಜೂನ್ ಯಾಕೆ ಅಂದರೆ 1969ರ ಜೂನ್ ಕೊನೆಯಲ್ಲಿ ನ್ಯೂಯಾರ್ಕಿನ ಸ್ಟೋನ್‌ವಾಲ್ ಅನ್ನೋ ಬಾರಿನ ಮೇಲೆ ಪೊಲೀಸರು ದಾಳಿ ಮಾಡಿದಾಗ ಜನ ತಿರುಗಿ ನಿಂತಿದ್ದರು. ಬೆಂಗಳೂರಿನ ಮೆರವಣಿಗೆಯಲ್ಲಿ ಮುಖವಾಡ ಹಾಕಿಕೊಂಡು ನಡೆದವರೂ ಇದ್ದರು. ಮನೆಯಲ್ಲಿ ಗೊತ್ತಾದರೆ, ಆಫೀಸಿನಲ್ಲಿ ಗೊತ್ತಾದರೆ ಅನ್ನೋ ಭಯ. ಮಂಗಳಮುಖಿಯರಿಗೆ ಆ ಅನುಕೂಲ ಯಾವತ್ತೂ ಇರಲಿಲ್ಲ. ಅವರ ಮೈಯೇ ಅವರ ಗುರುತು, ಮುಚ್ಚಿಡಲು ಬರಲ್ಲ. ಹೆಮ್ಮೆ ಅನ್ನೋದು ಅವರಿಗೆ ಹಬ್ಬದ ದಿನದ ಮಾತಲ್ಲ, ಮನೆಯಿಂದ ಹೊರಗೆ ಕಾಲಿಡಲು ಬೇಕಾದ ದಿನದ ಧೈರ್ಯ. ಅದೇ ವರ್ಷ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಐದು ಜನ ಹಿಜ್ರಾಗಳನ್ನು ಪೊಲೀಸರು ಹಿಡಿದರು,  ಬಿಡಿಸಲು ಹೋದ ಕಾರ್ಯಕರ್ತರನ್ನೂ ಹಿಡಿದರು.

2011ರ ಜನಗಣತಿಯಲ್ಲಿ ಗಂಡು, ಹೆಣ್ಣಿನ ಜೊತೆ ‘ಇತರೆ’ ಅಂತ ಮೊದಲ ಬಾರಿ ಒಂದು ಕಲಂ ಬಂತು. ದೇಶದಲ್ಲಿ 4,87,803, ಕರ್ನಾಟಕದಲ್ಲಿ 20,266. ಬಾಗಿಲಿಗೆ ಬಂದ ಮೇಷ್ಟ್ರ ಮುಂದೆ ಅಪ್ಪ ಅಮ್ಮನ ಎದುರು ‘ಇತರೆ’ ಅಂತ ಬರೆಸುವ ಧೈರ್ಯ ನಂಗಲಿಯಂಥ ಊರಲ್ಲಿ ಎಷ್ಟು ಜನಕ್ಕೆ ಇದ್ದಿರಬಹುದು, ನೀವೇ ಯೋಚಿಸಿ.

ಆಮೇಲೆ 2014ರ ಏಪ್ರಿಲ್ 15. ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರ ಸುಪ್ರೀಂ ಕೋರ್ಟ್ ಪೀಠ ಕೊಟ್ಟ ‘ನಾಲ್ಸಾ’ ತೀರ್ಪು. ಮೂರನೇ ಲಿಂಗವನ್ನು ಗುರುತಿಸಿದ್ದು ಅಂತ ಪೇಪರಿನಲ್ಲಿ ಎಲ್ಲರೂ ಓದಿದರು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಬೇರೆ ಒಂದು ಮಾತು: ನಾನು ಗಂಡೋ ಹೆಣ್ಣೋ ಅಥವಾ ಬೇರೆಯೋ ಅಂತ ಹೇಳುವವರು ನಾನೇ. ಅದನ್ನು ಒಪ್ಪಲು ಆಪರೇಷನ್ ಆಗಿರಲೇಬೇಕು ಅಂತ ಹಟ ಹಿಡಿಯೋದು ಅನೈತಿಕ, ಕಾನೂನುಬಾಹಿರ. ಖೈರಾತಿಯವರ ಮೊಕದ್ದಮೆಯನ್ನೂ ಆ ತೀರ್ಪು ನೆನೆಯುತ್ತದೆ. ಆಪರೇಷನ್ ಮಾಡಿಸಿಕೊಂಡವರು ಮೇಲೂ ಅಲ್ಲ, ಮಾಡಿಸದವರು ಕೀಳೂ ಅಲ್ಲ. ಜೋಗಪ್ಪನ ಮೈಗೂ, ನಿರ್ವಾಣ ಆದವರ ಮೈಗೂ ಒಂದೇ ಮರ್ಯಾದೆ.

ಅಲ್ಲಿಗೆ ಮುಗಿಯಲಿಲ್ಲ. 2016ರಲ್ಲಿ ಕೇಂದ್ರ ತಂದ ಮಸೂದೆಯಲ್ಲಿ ಪ್ರತಿ ಜಿಲ್ಲೆಗೂ ಒಂದು ‘ಸ್ಕ್ರೀನಿಂಗ್ ಕಮಿಟಿ’ ಇತ್ತು, ಅದರಲ್ಲಿ ವೈದ್ಯಾಧಿಕಾರಿಯೂ ಒಬ್ಬರು. ಮತ್ತೆ ಪರೀಕ್ಷೆ! ದೇಶದ ತುಂಬ ಗಲಾಟೆ ಆದ ಮೇಲೆ 2019ರ ಕಾಯ್ದೆಯಲ್ಲಿ ಕಮಿಟಿ ಕೈಬಿಟ್ಟರು. ಟ್ರಾನ್ಸ್‌ಜೆಂಡರ್ ಅಂತ ಗುರುತಿನ ಚೀಟಿ ಡಿಸಿ ಕೊಡಬೇಕು ಅಂತ ಮಾಡಿದರು. ಆದರೆ ‘ಗಂಡು’ ಅಥವಾ ‘ಹೆಣ್ಣು’ ಅಂತ ಬರೆಸಬೇಕಾದರೆ ಆಪರೇಷನ್ ಆಗಿದೆ ಅಂತ ಆಸ್ಪತ್ರೆಯ ಪತ್ರ ಬೇಕು ಅಂತ ಬರೆದರು. ಕೋರ್ಟು ಬಾಗಿಲಿಂದ ಹೊರಗೆ ಹಾಕಿದ್ದು ಕಿಟಕಿಯಿಂದ ಒಳಗೆ ಬಂತು ಅಂತ ಸಮುದಾಯದವರು ಸಿಟ್ಟಾದದ್ದು ಇದಕ್ಕೇ.

ಕರ್ನಾಟಕ ಒಂದು ಒಳ್ಳೇ ಕೆಲಸ ಮೊದಲು ಮಾಡಿತು. ಪೊಲೀಸ್ ನೇಮಕಾತಿ ಅರ್ಜಿಯಲ್ಲಿ ಗಂಡು, ಹೆಣ್ಣು ಬಿಟ್ಟು ಬೇರೆ ಕಲಂ ಇಲ್ಲ ಅಂತ ಸಂಗಮ ಹೈಕೋರ್ಟಿಗೆ ಹೋಗಿತ್ತು. 2021ರ ಜುಲೈನಲ್ಲಿ ಸರ್ಕಾರ ನೇಮಕಾತಿ ನಿಯಮ ತಿದ್ದಿ, ಎಲ್ಲ ವರ್ಗಗಳ ಒಳಗೂ ಶೇ 1ರಷ್ಟು ಹುದ್ದೆ ಮೀಸಲಿಟ್ಟಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ನಮ್ಮದು. ಹತ್ತು ವರ್ಷದ ಹಿಂದೆ ಇದೇ ರಾಜ್ಯ ಇದೇ ಜನರ ಹೆಸರನ್ನು ಪೊಲೀಸ್ ರಿಜಿಸ್ಟರಿನಲ್ಲಿ ಬರೆಯಲು ಕಾನೂನು ಮಾಡಿತ್ತು.

ಇಷ್ಟು ಬರೆದ ಮೇಲೂ ಒಂದು ಕಡೆ ಖಾಲಿ ಉಳಿಯುತ್ತೆ. ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕಲು ಬಯಸುವವರು. ಅವರಿಗೆ ಎಲ್ಲಮ್ಮನ ಕೊಡ ಇಲ್ಲ, ಹಮಾಮಿಲ್ಲ, ಗುರು ಇಲ್ಲ, ಹರಸಿ ಅಂತ ಯಾರೂ ಕರೆಯಲ್ಲ. ರೇವತಿಯವರು ತಮ್ಮ ಇನ್ನೊಂದು ಪುಸ್ತಕದಲ್ಲಿ ಇಂಥವರ ಮಾತುಗಳನ್ನು ಸೇರಿಸಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಅಂಥವರಿಗೆ ಹದಿನೆಂಟು ತುಂಬುವ ಮೊದಲೇ ಗಂಡು ನೋಡುತ್ತಾರೆ, ಮದುವೆ ಆದರೆ ಸರಿಹೋಗುತ್ತೆ ಅಂತ.

ಟೀ ಅಂಗಡಿಯ ಅಕ್ಕನ ಜೊತೆ ಮಾತು ಅವತ್ತಿಗೆ ನಿಲ್ಲಲಿಲ್ಲ. ಗುರುತಿನ ಚೀಟಿಯ ಅರ್ಜಿ ಆನ್‌ಲೈನಿನಲ್ಲಿ ಹಾಕಬೇಕು, ಸ್ವಲ್ಪ ಬಾ ಅಣ್ಣಾ ಅಂತ ಒಂದು ದಿನ ಫೋನ್ ಮಾಡಿದರು. ಮುಳಬಾಗಿಲಿನಲ್ಲಿ ಮೊದಲು ಸ್ಟುಡಿಯೋಗೆ ಹೋದೆವು. ಹಸಿರು ಸೀರೆ ಉಟ್ಟಿದ್ದರು, ಮಲ್ಲಿಗೆ ಮುಡಿದಿದ್ದರು. ಫೋಟೋ ತೆಗೆದ ಹುಡುಗ ಕಂಪ್ಯೂಟರಿನಲ್ಲಿ ಅವರ ಮುಖ ದೊಡ್ಡದು ಮಾಡಿ, ಎಲ್ಲರಿಗೂ ಮಾಡುವ ಹಾಗೆ ಚರ್ಮ ನುಣುಪು ಮಾಡಲು ಶುರು ಮಾಡಿದ. ಕೆನ್ನೆಯ ಕೆಳಗೆ ಗಡ್ಡದ ಹಸಿರು ನೆರಳಿತ್ತು. ಅದರ ಮೇಲೆ ಮೌಸ್ ಇಟ್ಟು ಇವರ ಕಡೆ ನೋಡಿದ.

“ಅಕ್ಕಾ, ಇದನ್ನ ತೆಗೆದುಬಿಡ್ಲಾ? ನೀಟಾಗಿ ಬರುತ್ತೆ.”

“ಬೇಡ ಮಗಾ, ಅಂಗೇ ಇರ್ಲಿ. ಅದು ನಂದೇ.”

ಎಂಟು ಕಾಪಿ ಪ್ರಿಂಟ್ ಹಾಕಿಸಿದರು. ಅರ್ಜಿಗೆ ಒಂದು ಸಾಕಿತ್ತು. ಉಳಿದವನ್ನು ಪರ್ಸಿನಲ್ಲಿ ಇಟ್ಟುಕೊಂಡು, ಒಂದನ್ನು ನನಗೆ ಕೊಟ್ಟರು. “ಇಟ್ಕೋ ಅಣ್ಣಾ, ಮುಂದಿನ ಸಲ ನನ್ ಬಗ್ಗೆ ಬರ್ದ್ರೆ ಇದನ್ನ ಹಾಕು.”